ಫಾತಿಮಾಬಿ ಚಾಚಿಯ ಚುಂಗಾಣಿ ಪೆಟ್ಟಿಗೆ

ನನಗೆ ತಂಬಾಕಿನ ಚಟವಿಲ್ಲ, ಚುಂಗಾಣಿಯ ಚಟವಿದೆ. ಈ ಮಾತನ್ನು ನಂಬುವವರು ಅಣ್ಣಿಗೇರಿಯಲ್ಲಿ ಒಬ್ಬರೂ ಇಲ್ಲ. ನೀವಾದರೂ ನಂಬಿ. ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಸರಿಯಾಗಿ ಸೇದದ ನಾನು, ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಬೇರೆಯವರು ಸೇದಿ ಬಿಟ್ಟ ಪೈಪುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂಡುತ್ತೇನೆ. ಅವುಗಳನ್ನು ಸೇದುವ ಆಸೆ ನನಗಿಲ್ಲ. ಅವುಗಳ ವಯಸ್ಸು ಎಷ್ಟು ಎಂದು ತಿಳಿಯುವ ಹುಚ್ಚು, ಅಷ್ಟೇ.

ಶುರುವಾದದ್ದು ಹುಬ್ಬಳ್ಳಿಯಲ್ಲಿ. ಕಣ್ಣಿನ ಚಾಳೀಸಿನ ನಂಬರು ಬದಲಿಸಲು ಹೋದವನು, ಚಾಳೀಸು ಸಿದ್ಧವಾಗುವವರೆಗೆ ಹೊತ್ತು ಕಳೆಯಲು ಬಾಜೂಕಿನ ಹಳೇ ಸಾಮಾನಿನ ಅಂಗಡಿಗೆ ನುಗ್ಗಿದೆ. ಒಡೆದ ಗ್ರಾಮಫೋನು, ಮುಳ್ಳಿಲ್ಲದ ಗಡಿಯಾರಗಳ ನಡುವೆ ಕರೀ ಚರ್ಮ ಹೊದಿಸಿದ ಒಂದು ಚಪ್ಪಟೆ ಪೆಟ್ಟಿಗೆ ಇತ್ತು. ಹಿತ್ತಾಳೆಯ ಗುಂಡಿ ಒತ್ತಿದೆ. ಮುಚ್ಚಳ ತಾನಾಗಿ, ಎಷ್ಟೋ ವರ್ಷದ ಮೇಲೆ ಉಸಿರು ಬಿಟ್ಟಂತೆ ತೆರೆಯಿತು. ಒಳಗೆ ಕಡುನೀಲಿ ಮಖಮಲ್ಲು. ಅದರಲ್ಲಿ ಎರಡು ತಗ್ಗು. ಒಂದೊಂದು ತಗ್ಗಿನಲ್ಲಿ ಒಂದೊಂದು ಚುಂಗಾಣಿ, ಮಗ್ಗುಲಾಗಿ ಮಲಗಿದ್ದವು. ಬುರುಡೆಯ ಉಬ್ಬಿಗೆ ತಕ್ಕ ಉಬ್ಬು, ಕೊಳವೆಯ ಬಾಗಿಗೆ ತಕ್ಕ ಬಾಗು. ಅಷ್ಟು ಅಚ್ಚುಕಟ್ಟಾಗಿ ಅಳತೆ ಹಿಡಿದು ಹಾಸಿಗೆ ಮಾಡಿದ್ದರು. ಹೊಗೆ ಸೇದುವ ಒಂದು ಯಃಕಶ್ಚಿತ್ ಕಟ್ಟಿಗೆಯ ತುಂಡಿಗೆ ಇಷ್ಟು ಅಕ್ಕರೆಯೇ ಎಂದು ನಾನು ದಂಗಾಗಿ ನಿಂತೆ. ಚಾಳೀಸಿನ ಅಂಗಡಿಯವನು ಬಂದು ಕರೆಯುವವರೆಗೆ ಅಲ್ಲೇ ಇದ್ದೆ.

ಪೆಟ್ಟಿಗೆ ಮನೆಗೆ ಬಂತು. ನನ್ನ ಹೆಂಡತಿ ಸುಮಿತ್ರಾ ಅದನ್ನು ನೋಡಿ, "ಬೀಡಿ ಸೇದೂ ಧೈರ್ಯ ಇಲ್ಲದ ಗಂಡಸಿಗೆ ಸಾಹೇಬರ ಚುಂಗಾಣಿ ಯಾಕ ಬೇಕಾಗಿತ್ರಿ?" ಎಂದಳು.

ಧೈರ್ಯವಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಒಮ್ಮೆ ಧೈರ್ಯ ಮಾಡಿದ್ದೆ. ನಾನು ಹುಟ್ಟಿ ಬೆಳೆದದ್ದು ಮೊರಬದಲ್ಲಿ. ನಮ್ಮ ಅಜ್ಜನ ಬಳಿ ಮಣ್ಣಿನ ಚಿಲಮಿ ಇತ್ತು. ಸಂಜೆ ಹೊಲದಿಂದ ಬಂದು, ಕಾಲಿಗೆ ಮೆತ್ತಿದ ಎರಿಮಣ್ಣನ್ನು ಕಟ್ಟೆಯ ಅಂಚಿಗೆ ಕೆರೆದು ಕೆರೆದು ತೆಗೆದು, ಚಿಲಮಿಯ ಬುಡಕ್ಕೆ ಒದ್ದೆ ಅರಿವೆ ಸುತ್ತಿ, ಎರಡೂ ಅಂಗೈ ಕೂಡಿಸಿ ಅವನು ಒಂದು ದಮ್ಮು ಎಳೆದರೆ ಕೆಂಡ ಕಣ್ಣು ಬಿಡುತ್ತಿತ್ತು. ಆ ಚಿಲಮಿ ಕಟ್ಟೆಯ ಮೇಲೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಅದು ಹೋದಲ್ಲೆಲ್ಲ ಮಾತು ನಿಂತು, ಬಿಟ್ಟುಬಂದಲ್ಲಿ ಮತ್ತೆ ಹುಟ್ಟುತ್ತಿತ್ತು. ಅಜ್ಜನ ಅಂಗಿಗೆ ಮೂಗು ಹಚ್ಚಿದರೆ ಹತ್ತಿಕಟಿಗೆ, ಬೆವರು, ತಂಬಾಕು ಮೂರೂ ಕೂಡಿದ ಒಂದು ವಾಸನೆ. ಇವತ್ತಿಗೂ ನನಗೆ ಅಜ್ಜ ಎಂದರೆ ಮೊದಲು ನೆನಪಾಗುವುದು ಅದೇ, ಆಮೇಲೆ ಮುಖ.

ಆ ಕಾಲದಲ್ಲೇ ಸಾಲೆಯ ಗ್ಯಾದರಿಂಗಿನ ನಾಟಕದಲ್ಲಿ ನನಗೆ ಕಲೆಕ್ಟರ್ ಸಾಹೇಬನ ಪಾರ್ಟು ಬಂತು. ಇದ್ದದ್ದು ಒಂದೇ ಮಾತು: "ಗೆಟ್ ಔಟ್". ಸಾಹೇಬನ ಬಾಯಲ್ಲಿ ಪೈಪು ಇರಲೇಬೇಕೆಂದು ಗುರುಗಳ ಹಟ. ಕಾಳು ಬಿಡಿಸಿದ ಗೊಂಜಾಳದ ದಿಂಡು ಕೊರೆದು, ಅದಕ್ಕೆ ಜೋಳದ ದಂಟು ಸಿಗಿಸಿ ಒಂದು ಪೈಪು ಮಾಡಿದೆವು. ಬರೀ ಪೈಪು ಕಚ್ಚಿಕೊಂಡರೆ ಏನು ಮಜಾ ಎಂದು, ಅಜ್ಜನ ಚೀಲದಿಂದ ಒಂದು ಚಿಟಿಕೆ ಎತ್ತಿ ತುಂಬಿ, ಪರದೆ ಏಳುವ ಮುಂಚೆ ಕಡ್ಡಿ ಗೀರಿಬಿಟ್ಟೆ. ಮಾತು ಬಂದಾಗ "ಗೆ... ಗೆ... ಗೆ..." ಎಂದು ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಸಾಹೇಬನೇ ರಂಗದಿಂದ ಔಟಾದ. ಜನ ಇದೂ ನಾಟಕದಲ್ಲಿಯೇ ಇದೆ ಎಂದು ತಿಳಿದು ಚಪ್ಪಾಳೆ ಬಡಿದರು. ಅದೇ ನನ್ನ ಮೊದಲನೇ ದಮ್ಮು, ಕೊನೆಯದೂ ಅದೇ.

ಇರಲಿ, ವಯಸ್ಸಿನ ಮಾತಿಗೆ ಬರೋಣ. ಚುಂಗಾಣಿಯ ಬುರುಡೆ ಮತ್ತು ಬಾಯಿಗಿಡುವ ಕೊಳವೆ ಕೂಡುವಲ್ಲಿ ಒಂದು ಬೆಳ್ಳಿಯ ಪಟ್ಟಿ ಇರುತ್ತದೆ. ಬೆರಳಿನ ಉಂಗುರಕ್ಕಿಂತ ಸಣ್ಣದು. ಅದರ ಮೇಲೆ ಇರುವೆಯ ಹೆಜ್ಜೆಯಂಥ ಗುರುತುಗಳು. ನಡೆಯುವ ಸಿಂಹವಿದ್ದರೆ ಬೆಳ್ಳಿ ಚೊಕ್ಕ ಎಂದರ್ಥ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್ ಊರಲ್ಲಿ ಪರೀಕ್ಷೆಯಾದದ್ದು; ಆ ಊರಿಗೆ ಸಮುದ್ರವೇ ಇಲ್ಲವಂತೆ, ಆದರೂ ಲಂಗರು! ಅದರ ಬಾಜೂಕ್ಕೆ ಒಂದು ಅಕ್ಷರ. ಆ ಅಕ್ಷರವೇ ವರ್ಷ. ಪ್ರತಿ ವರ್ಷ ಅಕ್ಷರ ಬದಲು. ಅಕ್ಷರಮಾಲೆ ಮುಗಿದರೆ ಮತ್ತೆ ಮೊದಲಿನಿಂದ, ಆದರೆ ಬರೆಯುವ ಧಾಟಿ ಬೇರೆ, ಸುತ್ತಲಿನ ಚೌಕಟ್ಟು ಬೇರೆ.

ಇದನ್ನು ಮೊಬೈಲಿನಲ್ಲಿ ಓದಿದಾಗ ನನಗೆ ನಮ್ಮ ಸಂವತ್ಸರಗಳೇ ಕಣ್ಣ ಮುಂದೆ ಬಂದವು. ನಾನು ಹುಟ್ಟಿದ್ದು ಪ್ಲವ ಸಂವತ್ಸರದಲ್ಲಿ ಎಂದು ಅಮ್ಮ ಹೇಳುತ್ತಿದ್ದಳು. ಮೊನ್ನೆ ಮೊನ್ನೆ ಪ್ಲವ ಮತ್ತೆ ಬಂದುಹೋಯಿತು. ಯಾವ ಸುತ್ತಿನ ಪ್ಲವ ಎಂಬುದು ನನ್ನ ತಲೆಯ ಬಿಳಿಗೂದಲು ನೋಡಿದರೆ ತಿಳಿಯುತ್ತದೆ. ಬೆಳ್ಳಿಗೆ ಕೂದಲಿಲ್ಲ, ಅದಕ್ಕೆ ಚೌಕಟ್ಟು. ಸಮುದ್ರದ ಆಚೆ ಯಾರೋ ಒಬ್ಬ ಪರೀಕ್ಷೆಯವ ಸುತ್ತಿಗೆಯಿಂದ ಟಕ್ ಎಂದು ಹೊಡೆದ ಒಂದು ಪೆಟ್ಟು, ಅವನು ಸತ್ತು ಅವನ ಮೊಮ್ಮಕ್ಕಳು ಮುದುಕರಾದ ಮೇಲೂ, ಅಣ್ಣಿಗೇರಿಯ ಒಬ್ಬ ಮಾಸ್ತರನಿಗೆ "ನಾನು ಇಂಥ ವರ್ಷದವ" ಎಂದು ಹೇಳುತ್ತದಲ್ಲ! ಆ ದಿನ ನಾನು ಊಟ ಮರೆತಿದ್ದೆ. ಸುಮಿತ್ರಾ ಮರೆಯಲಿಲ್ಲ, ತಟ್ಟೆ ಕುಕ್ಕಿ ನೆನಪಿಸಿದಳು.

ಊರೆಂದರೆ ನಿಮಗೆ ಗೊತ್ತಲ್ಲ. ಒಂದು ತಿಂಗಳಲ್ಲಿ "ಮಾಸ್ತರು ಹಳೇ ಸಾಮಾನಿನ ಕುಂಡಲಿ ನೋಡ್ತಾರ" ಎಂದು ಸುದ್ದಿ ಹಬ್ಬಿತು. ತಂಬಿಗೆ, ಅಡಕತ್ತರಿ, ಬೀಗ ಹಿಡಿದು ಜನ ಬಂದರು. ನನಗೆ ತಿಳಿಯುವುದು ಪೈಪಷ್ಟೇ ಎಂದರೆ, "ಪೈಪ್ ಅಂದ್ರ ನೀರಿನ ಪೈಪೇನ್ರಿ?" ಎಂದು ಕೇಳಿ ಹೊರಟುಹೋಗುತ್ತಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ಫಾತಿಮಾಬಿ ಚಾಚಿಯಿಂದ ಕರೆ ಬಂತು.

ಚಾಚಿಯ ಮನೆ ನಮ್ಮ ಓಣಿಯ ಆ ತುದಿಗೆ. ಗಂಡ ಗಾದಿ ಹೊಲಿಯುವವರು, ತೀರಿಕೊಂಡು ಬಹಳ ಕಾಲವಾಯಿತು; ಮಗ ಈಗ ಗದಗ ರಸ್ತೆಯಲ್ಲಿ ಗಾದಿ ಅಂಗಡಿ ಇಟ್ಟಿದ್ದಾನೆ. ಚಾಚಿ ಮಾತ್ರ ಕೌದಿ ಹೊಲಿಯುವುದನ್ನು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಹೊದೆಯುವ ಕೌದಿಗಳೂ ಅವರವೇ.

ನಾನು ಹೋದಾಗ ಪಡಸಾಲೆಯಲ್ಲಿ ಹರಡಿದ ಕೌದಿಯ ಮೇಲೆಯೇ ಕೂತಿದ್ದರು. ಸೊಸೆ ಶಮೀಮ್ ಒಳಗೆ ಹಿಟ್ಟು ನಾದುತ್ತಿದ್ದಳು.

"ಬಾರೋ ತಮ್ಮಾ, ಕೂಡು. ನೀ ಚುಂಗಾಣಿ ನೋಡಿ ವಯಸ್ಸು ಹೇಳ್ತೀ ಅಂತಲ್ಲ, ಖರೇ ಏನು?"

"ಸ್ವಲ್ಪ ತಿಳೀತೈತ್ರಿ ಚಾಚಿ."

"ಹಂಗಾರ ನನ್ನ ವಯಸ್ಸು ಹೇಳು."

ನಾನು ನಕ್ಕೆ. ಅವರು ನಗಲಿಲ್ಲ. ಟ್ರಂಕಿನಿಂದ ತೆಗೆಸಿಟ್ಟಿದ್ದ ಒಂದು ಗಂಟನ್ನು ಬಿಚ್ಚಿದರು. ಒಳಗೆ ಒಂದು ಚರ್ಮದ ಪೆಟ್ಟಿಗೆ. ಹುಬ್ಬಳ್ಳಿಯದು ಇದರ ಮುಂದೆ ಬಡವ.

"ನಮ್ಮಪ್ಪ ಇಲ್ಲೇ ಸ್ಟೇಶನ್ ಬಾಜೂಕಿನ ರೈಲ್ವೆ ಬಂಗಲೇದಾಗ ಖಾನಸಾಮಾ ಇದ್ದ," ಎಂದರು ಚಾಚಿ. "ಸಾಹೇಬಗ ಅಡಗಿ ಮಾಡಿ ಹಾಕಾಂವ. ಸಾಹೇಬ ತನ್ನ ದೇಶಕ್ಕ ಹೊಂಟಾಗ ಇದನ್ನ ನಮ್ಮಪ್ಪನ ಕೈಯಾಗ ಇಟ್ಟನಂತ. ಅದೇ ವಾರ ನಾ ಹುಟ್ಟಿದೆ. ಇಷ್ಟು ನಮ್ಮ ಫುಫು ಹೇಳಿದ್ದು, ನನ್ನ ಬೆಳೆಸಿದಾಕಿ ಆಕೀನ, ಅಪ್ಪನ ತಂಗಿ."

"ನಿಮ್ಮ ತಾಯಿಯವರು?"

"ನಾ ಹುಟ್ಟಿ ನಾಲ್ಕ ದಿನಕ್ಕ ಹೋದಳು. ನಾ ನೋಡಿಲ್ಲ. ಫೋಟೋ ಇಲ್ಲ, ಒಂದು ಬಳಿ ಇಲ್ಲ, ಏನೂ ಇಲ್ಲ. ಅಪ್ಪ ಆಕೀ ಮಾತು ತಗದ್ರ ಎದ್ದು ಹೊರಗ ಹೋಗಾಂವ. ಈ ಡಬ್ಬೀನೂ ಅಂವ ತಗೀಲಿಲ್ಲ, ಸೇದಲಿಲ್ಲ, ಮಾರಲಿಲ್ಲ. ಹಂಗ ಇಟ್ಟ."

ಚಾಚಿಯ ಆಧಾರ್ ಕಾರ್ಡಿನ ಪ್ರಕಾರ ಅವರಿಗೂ ಅವರ ಹಿರಿಯ ಮಗನಿಗೂ ಹನ್ನೊಂದು ವರ್ಷದ ಅಂತರ. ಕಾರ್ಡು ಮಾಡುವವರು ಬಂದಾಗ ಯಾರೋ ಅಂದಾಜಿನಲ್ಲಿ ಹೇಳಿದ್ದಂತೆ. ಇದನ್ನು ಹೇಳಿ ನಗುವುದು ಓಣಿಯ ಹಳೆಯ ಚಾಷ್ಟಿ. ಆದರೆ ಆ ದಿನ ಚಾಚಿ ಅಂದದ್ದು ಬೇರೆ: "ಮ್ಯಾಲೆ ಹೋದಾಗ ನಮ್ಮಮ್ಮ ಸಿಕ್ರ ಏನ ಹೇಳಲಿ? ನೀ ಬಿಟ್ಟು ಹೋದ ಮ್ಯಾಲೆ ಇಷ್ಟು ವರ್ಷ ಬಾಳೇ ಮಾಡಿ ಬಂದೇನಿ ಅಂತ ಹೇಳಬೇಕಲ್ಲ. ಎಷ್ಟು ಅಂತ ಗೊತ್ತಿರಬೇಕಲ್ಲ."

ಭೂತಗನ್ನಡಿಯನ್ನು ಮತ್ತೊಮ್ಮೆ ಒರೆಸಿಕೊಂಡೆ. ಇದುವರೆಗೆ ನಾನು ಆಟವಾಡಿದ್ದೆ.

ಪೆಟ್ಟಿಗೆ ತೆರೆದೆ. ಮುಚ್ಚಳದ ಒಳಗಿನ ರೇಶಿಮೆಯ ಮೇಲೆ ಮಾರಿದ ಅಂಗಡಿಯ ಹೆಸರು ಬಂಗಾರದ ಬಣ್ಣದಲ್ಲಿ ಇದ್ದಿರಬೇಕು. ಎಲ್ಲ ಅಳಿಸಿ 'ಬಾಂಬೆ' ಎಂಬುದೊಂದೇ ಉಳಿದಿತ್ತು. ಕೆಳಗೆ ಕಂದು ಮಖಮಲ್ಲಿನ ಎರಡು ತಗ್ಗು, ಎರಡು ಚುಂಗಾಣಿ. ಒಂದರ ಬಾಯಿಕೊಳವೆ ಹಳದಿ, ಅಂಬರವೆಂಬ ಗಟ್ಟಿರಾಳದ್ದು, ಜೇನು ಹೆಪ್ಪುಗಟ್ಟಿದಂತೆ. ಅದರ ತುದಿಯಲ್ಲಿ ಸಾಹೇಬನ ಹಲ್ಲಿನ ಗುರುತು ಕೂಡ ಇತ್ತು. ಹೆಸರು ಉಳಿದಿಲ್ಲ, ಮುಖ ಉಳಿದಿಲ್ಲ, ಹಲ್ಲು ಕಚ್ಚಿದ ಜಾಗ ಉಳಿದಿದೆ. ಬೆಳ್ಳಿಯ ಪಟ್ಟಿಯನ್ನು ಧೋತರದ ಚುಂಗಿನಿಂದ ಒರೆಸಿ ಬೆಳಕಿಗೆ ಹಿಡಿದೆ. ಸಿಂಹ, ಲಂಗರು, ಅಕ್ಷರ. ಮೊಬೈಲಿನಲ್ಲಿಟ್ಟ ವರ್ಷದ ಅಕ್ಷರಗಳ ಪಟ್ಟಿಯ ಜೊತೆ ತಾಳೆ ನೋಡಿದೆ.

"ಚಾಚಿ, ಇದರ ಪ್ರಕಾರ ನಿಮಗ ನೂರಾ ಹತ್ತು ದಾಟೈತಿ."

"ಯಾ ಅಲ್ಲಾ! ಅದಕ್ಕ ಮೊಣಕಾಲು ಇಷ್ಟು ನೋಯ್ತಾವ!" ಎಂದು ಚಾಚಿ ಒಳಗಿನ ಸೊಸೆಗೆ ಕೇಳುವಂತೆ ಕೂಗಿದರು. "ಶಮೀಮಾ, ಕೇಳಿದೇನಬೇ? ನೂರಾ ಹತ್ತಂತ! ಇನ್ನ ಮುಂದ ನನಗ ಕೆಲಸ ಹೇಳಬ್ಯಾಡ."

ಆದರೆ ಈ ಶಾಸ್ತ್ರದಲ್ಲಿ ಒಂದು ಕಟ್ಟಾದ ನಿಯಮವಿದೆ. ಒಂದು ಸೆಟ್ಟಿನ ವಯಸ್ಸನ್ನು ಅದರೊಳಗಿನ ಹಿರಿಯ ವಸ್ತುವಿನಿಂದ ಹೇಳಬಾರದು, ಎಲ್ಲಕ್ಕಿಂತ ಕಿರಿಯ ವಸ್ತುವಿನಿಂದ ಹೇಳಬೇಕು. ಅಜ್ಜಿಯ ಮೂಗುತಿ ಇಟ್ಟುಕೊಂಡ ಮಾತ್ರಕ್ಕೆ ಮೊಮ್ಮಗಳು ಮುದುಕಿಯಾಗುವುದಿಲ್ಲ. ಎರಡನೆಯ ಚುಂಗಾಣಿ ಎತ್ತಿಕೊಂಡೆ. ಇದರ ಕೊಳವೆ ಅಂಬರದ್ದಲ್ಲ, ಕರೀ ರಬ್ಬರಿನದು, ವಯಸ್ಸಾಗಿ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಬೆಳ್ಳಿಯ ಮೇಲಿನ ಅಕ್ಷರವೂ ಬೇರೆ. ಜೋಡಿಯದು ಒಡೆದೋ ಕಳೆದೋ ಹೋಗಿ, ಸಾಹೇಬ ಆ ಜಾಗಕ್ಕೆ ಹೊಸದು ತಂದಿಟ್ಟಿರಬೇಕು. ತಾಳೆ ನೋಡಿದೆ. ಈ ಚುಂಗಾಣಿ ತಯಾರಾಗುವ ಮುಂಚೆ ಸಾಹೇಬ ಈ ಪೆಟ್ಟಿಗೆಯನ್ನು ಹೀಗೆ ಕೊಟ್ಟಿರಲಾರ. ಅಂದರೆ ಚಾಚಿಗೆ ಎಂಬತ್ತಾರು ಮೀರಿರಲು ಸಾಧ್ಯವಿಲ್ಲ. ಅರವತ್ತು ದಾಟಿದ ಹಿರಿಮಗನನ್ನು ನೋಡಿದರೆ ಎಂಬತ್ತಕ್ಕೆ ಕಡಿಮೆಯೂ ಇರಲಿಕ್ಕಿಲ್ಲ. ಒಟ್ಟಿನಲ್ಲಿ ಎಂಬತ್ತರ ಆಚೆ, ಎಂಬತ್ತಾರರ ಈಚೆ. ಇಷ್ಟು ಹೇಳಿ, ದೊಡ್ಡ ಪಂಡಿತನಂತೆ ಬೀಗುತ್ತ ಚುಂಗಾಣಿಯನ್ನು ತಿರುಗಿ ಅದರ ತಗ್ಗಿನಲ್ಲಿ ಇಡಲು ಹೋದೆ.

ಆಗ ಬೆರಳಿಗೆ ಏನೋ ಬೇರೆ ತಾಗಿತು. ಆ ತಗ್ಗಿನ ತಳ ಮಖಮಲ್ಲಿನ ಹಾಗೆ ಜಾರಲಿಲ್ಲ. ಉಗುರಿನಿಂದ ಮೆಲ್ಲಗೆ ಎತ್ತಿದೆ. ಒಂದು ಸಣ್ಣ ಮೆತ್ತೆ ಮೇಲೆ ಬಂತು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು. ಮೇಲಿನ ಮೈ ಹೊಗೆಯಿಂದ ಮಾಸಿ ಕಂದಾಗಿತ್ತು, ಅದಕ್ಕೇ ಕಂಡಿರಲಿಲ್ಲ. ತಿರುಗಿಸಿದರೆ ಅಡಿಯ ಮೈ ಅಗದಿ ಕೆಂಪು, ಹಸಿರು ಅಂಚು. ಕಣದ ಅರಿವೆ! ನಮ್ಮ ಕಡೆ ಹೆಣ್ಣುಮಕ್ಕಳು ಕುಪ್ಪಸ ಹೊಲಿಸುವ ಅದೇ ಗುಳೇದಗುಡ್ಡದ ಕಣ. ಬೆಳಕು ಕಾಣದೆ ಇದ್ದುದರಿಂದ ನಿನ್ನೆ ಮಗ್ಗದಿಂದ ಇಳಿದಂತೆ ಹೊಳೆಯುತ್ತಿತ್ತು.

ನನಗೆ ನಡೆದದ್ದು ಸ್ವಲ್ಪ ಸ್ವಲ್ಪ ಹೊಳೆಯಿತು. ಹೊಸ ಚುಂಗಾಣಿ ತುಸು ಸಣ್ಣದು, ಹಳೆಯ ತಗ್ಗಿನಲ್ಲಿ ಅಲುಗಾಡುತ್ತಿತ್ತು. ಸಾಹೇಬ ಸದಾ ಪ್ರವಾಸದವ, ಪೆಟ್ಟಿಗೆಯೊಳಗೆ ಅದು ಖಟಖಟ ಎಂದಿರಬೇಕು. ಖಾನಸಾಮಾನಿಗೆ ಹೇಳಿರಬೇಕು. ಖಾನಸಾಮಾ ಮನೆಗೆ ತಂದಿರಬೇಕು. ಯಾರೋ ಕುಪ್ಪಸದ ಚೂರು ಮಡಚಿ, ಒಳಗೆ ಹತ್ತಿ ಇಟ್ಟು, ಆ ತಗ್ಗಿನ ಅಳತೆಗೆ ಸರಿಯಾಗಿ ಹೊಲಿದುಕೊಟ್ಟಿದ್ದರು. ಇಂಗ್ಲೆಂಡಿನ ಬೆಳ್ಳಿ, ಬಾಂಬೆಯ ಅಂಗಡಿ. ಆದರೆ ಈ ಸೆಟ್ಟಿನ ಎಲ್ಲಕ್ಕಿಂತ ಕಿರಿಯ ವಸ್ತು ಅಣ್ಣಿಗೇರಿಯದು.

ನನಗೆ ಆಸೆ ತಡೆಯಲಿಲ್ಲ. ಒಳಗಿನ ಅರಿವೆಯ ನೇಯ್ಗೆ ನೋಡಿದರೆ ಕಾಲ ಇನ್ನಷ್ಟು ತಿಳಿದೀತು ಎನಿಸಿತು. "ಚಾಚಿ, ಕತ್ರಿ ಕೊಡ್ರಿ. ಒಂದ ಕಡೆ ಹೊಲಗಿ ಬಿಚ್ಚಿ ನೋಡೂಣು," ಎಂದೆ.

ಚಾಚಿ ನನ್ನ ಕೈಯಿಂದ ಮೆತ್ತೆಯನ್ನು ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಒಂದು ಸುತ್ತು ಹೋಯಿತು ಹೆಬ್ಬೆರಳು, ಇನ್ನೊಂದು ಸುತ್ತು. ಆಮೇಲೆ ಅವರು ತಾವು ಕೂತಿದ್ದ ಕೌದಿಯ ಅಂಚನ್ನು ಮೇಲೆತ್ತಿ, ಮೆತ್ತೆಯನ್ನು ಅದರ ಪಕ್ಕಕ್ಕೆ ಇಟ್ಟರು.

"ತಮ್ಮಾ," ಎಂದರು, "ಎಲ್ಲಾರ ಹೊಲಗಿ ಯಾ ಕಡೆ ವಾಲತೈತಿ ಗೊತ್ತೈತೇನು?"

"ಗೊತ್ತಿಲ್ರಿ."

"ನನ್ನವು ಉಲ್ಟಾ ವಾಲತಾವ. ನಾ ಎಡಚಿ. ಗಂಟ ಸುದ್ದಾ ಎಡಕ್ಕ ಹಾಕ್ತೇನಿ. ಸಣ್ಣಾಕಿದ್ದಾಗ ಫುಫು ಈ ಕೈ ಮ್ಯಾಲೆ ಎಷ್ಟು ಹೊಡದಾಳ. ನಮ್ಮ ಮನ್ಯಾಗ ಯಾರೂ ಎಡಚರಿಲ್ಲ, ನಿನಗೆಲ್ಲಿಂದ ಬಂತ ಈ ದರಿದ್ರ ಅಂತಿದ್ಲು."

ನಾನು ಭೂತಗನ್ನಡಿ ಹಿಡಿದು ಬಗ್ಗಿದೆ. ಕೌದಿಯ ಟಾಕೆಗಳು ದೊಡ್ಡವು, ಮೆತ್ತೆಯವು ಎಳ್ಳಿನ ಕಾಳಿನಷ್ಟು. ಆದರೆ ಎರಡೂ ಒಂದೇ ಕಡೆಗೆ ವಾಲಿದ್ದವು, ಗಾಳಿಗೆ ಜೋಳದ ಬೆಳೆ ಒಂದೇ ಕಡೆಗೆ ವಾಲುವಂತೆ. ಮೆತ್ತೆಯ ಗಂಟು ಎಡತುದಿಯಲ್ಲಿತ್ತು. ಕೌದಿಯ ಗಂಟು ಕೂಡ.

ಲೋಕದಲ್ಲಿ ಎಡಗೈಯವರು ಬಹಳ ಮಂದಿ ಇದ್ದಾರೆ, ಗೊತ್ತು. ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ, ಅದೂ ಗೊತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಸಂಶಯ ಬರಲಿಲ್ಲ. ಬಸುರಿ ಹೆಂಗಸೊಬ್ಬಳು ಯಾರದೋ ಚುಂಗಾಣಿ ಅಲುಗಾಡದಿರಲಿ ಎಂದು ತನ್ನ ಕುಪ್ಪಸದ ಚೂರಿನಿಂದ ಪುಟ್ಟ ಹಾಸಿಗೆ ಹೊಲಿಯುತ್ತ ಕೂತದ್ದು ನನಗೆ ಕಂಡಂತಾಯಿತು. ಮುಖ ಕಾಣಲಿಲ್ಲ. ಎಡಗೈ ಕಂಡಿತು.

"ಕತ್ರಿ ಬ್ಯಾಡ," ಎಂದರು ಚಾಚಿ. "ಆಕಿ ಹಾಕಿದ ಹೊಲಗಿ. ಬಿಚ್ಚಬ್ಯಾಡ."

"ಇಲ್ರಿ, ಬ್ಯಾಡ," ಎಂದೆ. ಮಾತು ಬದಲಿಸಲು, "ವಯಸ್ಸು ಮಾತ್ರ ಎಂಬತ್ತು ಎಂಬತ್ತಾರರ ನಡಕ ಅಂತ ಹಿಡೀರಿ ಚಾಚಿ," ಎಂದು ಸೇರಿಸಿದೆ.

ಅವರಿಗೆ ಅದು ಕೇಳಿಸಲೇ ಇಲ್ಲ. ಮೆತ್ತೆಯನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡು, "ಬರೇ ತಂಬಾಕಿನ ವಾಸನಿ," ಎಂದು ನಕ್ಕರು. ನಗುತ್ತಲೇ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಶಮೀಮಾ, ಬಾ ಇಲ್ಲೆ. ನಮ್ಮಮ್ಮನ್ನ ನೋಡ್ಬಾ."

ಶಮೀಮ್ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅತ್ತೆಯ ಮುಖ ನೋಡಿದಳು, ಅವರ ಅಂಗೈಯಲ್ಲಿದ್ದ ಕೆಂಪು ಅರಿವೆಯ ಚೂರು ನೋಡಿದಳು. ಹಿಟ್ಟು ಹತ್ತದ ಹಾಗೆ ಮುಂಗೈಯಿಂದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡು, ಹಿರಿಯರು ಮನೆಗೆ ಬಂದಾಗ ನಿಲ್ಲುವಂತೆ, ಬಾಗಿಲ ಬಾಜೂಕ್ಕೆ ತಲೆತಗ್ಗಿಸಿ ನಿಂತಳು.